ಗದ್ದ ಮೇಲೆತ್ತಿ

"ಗದ್ದ ಸ್ವಲ್ಪ ಮೇಲೆತ್ತಿ. ಅಲ್ಲಾಡಬೇಡಿ," ಎಂದರು ವೈದ್ಯರು.

ಕ್ಷೌರಿಕನಿಗೆ ನಗು ಬಂತು. ಮೂವತ್ತೊಂದು ವರ್ಷ ಹಗಲಿಡೀ ಬೇರೆಯವರಿಗೆ ಹೇಳಿದ ಮಾತನ್ನು ಇಂದು ತಾನೇ ಮಲಗಿ ಕೇಳಬೇಕಾಗಿತ್ತು. ಕುತ್ತಿಗೆಯ ಕೆಳಗೆ ದಿಂಬು, ಗಂಟಲ ಮೇಲೆ ತಣ್ಣನೆಯ ಜೆಲ್ಲು. ಮರಗಟ್ಟಿಸುವ ಚುಚ್ಚುಮದ್ದನ್ನು ನರ್ಸಮ್ಮ ಆಗಲೇ ಕೊಟ್ಟಿದ್ದಳು. "ನೊರೆ ಒಂದು ಕಮ್ಮಿ ನೋಡಿ," ಎಂದ. ನರ್ಸಮ್ಮ ನಕ್ಕಳು.

ಕನ್ನಡಿಯೊಳಗಿನ ಗಂಟು ಯಾರ ಕೈಗೂ ಸಿಗದು ಎನ್ನುತ್ತಾರೆ. ಅವನಿಗೆ ಮಾತ್ರ ಅಂಗಡಿಯ ಕನ್ನಡಿಯಲ್ಲೇ ಸಿಕ್ಕಿತ್ತು, ಗಂಟಲ ಎಡಕ್ಕೆ, ಗೋಲಿಯಷ್ಟು ದಪ್ಪಗೆ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಆ ಥೈರಾಯ್ಡ್ ಗಂಟು ಹದ್ದು ಮೀರಿ ದುಡಿದು, ಎದೆ ಡವಡವಗುಟ್ಟಿಸಿ, ಮೈ ಇಳಿಸಿ, ಕೊನೆಗೆ ಕೈಗೂ ನಡುಕ ಹತ್ತಿಸಿತ್ತು. ಒಂದು ದಿನ ಹಳೆಯ ಗಿರಾಕಿಯೊಬ್ಬನ ದವಡೆಯ ಕೆಳಗೆ ಕತ್ತಿ ಜಾರಿತು. ಹೆಚ್ಚೇನಲ್ಲ, ಎರಡು ಹನಿ ರಕ್ತ. ಆತ ಜಗಳವಾಡಲಿಲ್ಲ. ಮುಂದಿನ ವಾರ ಬಾಗಿಲ ತನಕ ಬಂದು, ಗದ್ದ ಸವರಿಕೊಂಡು, "ಇವತ್ತು ಅರ್ಜೆಂಟು ಕಣಯ್ಯ, ನಾಳೆ ಬರ್ತೀನಿ," ಎಂದು ಹೋದ. ಬರಲಿಲ್ಲ. ಆಮೇಲೆ ಒಬ್ಬೊಬ್ಬರೂ ಹಾಗೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮರ್ಯಾದೆಗೆ ಏನೆಂದು ಉತ್ತರ ಕೊಡುವುದು? "ಆಗ್ಲಿ, ನಾಳೆ ಬನ್ನಿ," ಎನ್ನುತ್ತ ಅವನು ಕೈಯನ್ನು ಏಪ್ರನ್ನಿನ ಜೇಬಿಗೆ ಇಳಿಸುತ್ತಿದ್ದ. ಈಗ ಕುರ್ಚಿ ಭಾವಮೈದುನನ ಪಾಲಾಗಿ, ಇವನ ಪಾಲಿಗೆ ಪೊರಕೆ ಉಳಿದಿತ್ತು.

"ಕತ್ತರಿಯಿಲ್ಲ, ಹೊಲಿಗೆಯಿಲ್ಲ," ಎಂದರು ವೈದ್ಯರು. ದೊಡ್ಡ ಹೆಸರಿನ ಹಿರಿಯರು. ಈ ಸೂಜಿ ಹಿಡಿಯುವವರು ಆ ಆಸ್ಪತ್ರೆಯಲ್ಲಿ ಅವರೊಬ್ಬರೇ. "ಸೂಜಿ ತುದಿ ಬಿಸಿಯಾಗುತ್ತೆ, ಗಂಟು ಒಳಗೇ ಬೆಂದು ಸುಮ್ಮನಾಗುತ್ತೆ. ಕೆಲವು ತಿಂಗಳಲ್ಲಿ ಕೈ ನಡುಗೋದು ನಿಲ್ಲುತ್ತೆ. ಗಂಟಿನ ಹಿಂದೇನೇ ಧ್ವನಿಯ ನರ ಇದೆ, ಅದಕ್ಕೇ ಆಗಾಗ ಮಾತಾಡಿಸ್ತೀನಿ. ಸರೀನಾ?"

"ನನ್ನ ಕೈ ನಂಗೆ ವಾಪಸ್ ಬಂದ್ರೆ ಸಾಕು ಸಾರ್."

ಕೊಯ್ದು ತೆಗೆಸುವ ದಾರಿ ಮುಚ್ಚಿತ್ತು. ಅಷ್ಟು ಹೊತ್ತಿನ ಅರಿವಳಿಕೆಯನ್ನು ಇವನ ಎದೆ ತಡೆಯದು ಎಂದು ಬೇರೊಬ್ಬ ವೈದ್ಯರು ಕೈಚೆಲ್ಲಿದ್ದರು. ಉಳಿದದ್ದು ಈ ಸೂಜಿಯೊಂದೇ.

ವೈದ್ಯರು ಸೂಜಿ ಎತ್ತಿದರು. ಮೇಲಿನ ದೀಪದ ಬೆಳಕು ಉಕ್ಕಿನ ಮೇಲೆ ಒಂದು ಚುಕ್ಕೆಯಾಗಿ ಕೂತಿತು. ಆದರೆ ಕೂತಲ್ಲಿ ಕೂರಲಿಲ್ಲ, ಕುಣಿಯಿತು. ಎಲ್ಲರ ಕಣ್ಣಿಗೂ ಬೀಳುವಷ್ಟಲ್ಲ; ಅವನು ಮಾತ್ರ ಆ ಕುಣಿತವನ್ನು ತನ್ನ ಕತ್ತಿಯ ಅಂಚಿನಲ್ಲಿ ವರ್ಷವಿಡೀ ನೋಡಿದ್ದ. ನರ್ಸಮ್ಮನ ಕಡೆ ಕಣ್ಣು ಹೊರಳಿಸಿದ. ಅವಳು ಪಟಕ್ಕನೆ ಸ್ಕ್ಯಾನಿನ ಪರದೆಯತ್ತ ತಿರುಗಿದಳು. ಅವಳಿಗೂ ಗೊತ್ತು ಎಂಬುದು ಅವನಿಗೆ ಗೊತ್ತಾಯಿತು.

ಇರಲಿ, ಕಣ್ಣು ಮುಚ್ಚಿಕೋ, ಎಂದುಕೊಂಡ. ನಿನ್ನ ಕತ್ತಿಯ ಕೆಳಗೆ ಯಾರಾದರೂ ಹೀಗೆ ಕಣ್ಣು ಮುಚ್ಚಿ ಕೂತಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆಯಲ್ಲ? ಮುಚ್ಚಿಕೊಂಡ. ವೈದ್ಯರು ಕಿರುಬೆರಳನ್ನು ಅವನ ಗದ್ದಕ್ಕೆ ಆನಿಸಿದರು. ಕೈ ನಿಲ್ಲದವರು ಹಾಗೆ ಆನಿಸಿಕೊಳ್ಳುತ್ತಾರೆ; ಅವನೂ ಆನಿಸಿಕೊಳ್ಳುತ್ತಿದ್ದ. ಬೆರಳು ಅದುರುತ್ತಿತ್ತು.

ಅವನು ಎದ್ದು ಕೂತ.

"ಯಾಕ್ರೀ, ಏನಾಯ್ತು?"

"ಏನಿಲ್ಲ ಸಾರ್." ನಾಚಿಕೆಯಿಂದ ಅವನಿಗೆ ಭೂಮಿಗಿಳಿದುಹೋದಂತಾಯಿತು. ಕೈ ತಾನಾಗಿಯೇ ಗದ್ದ ಸವರಿತು. "ಏನೋ ಅರ್ಜೆಂಟು ಕೆಲಸ ನೆನಪಾಯ್ತು. ನಾಳೆ ಬರ್ತೀನಿ."

ವೈದ್ಯರು ಅವನ ಮುಖವನ್ನೇ ನೋಡಿದರು. ಸೂಜಿಯನ್ನು ತಟ್ಟೆಯಲ್ಲಿಟ್ಟರು.

"ಆಗ್ಲಿ, ನಾಳೆ ಬನ್ನಿ," ಎಂದು, ಗವಸು ಕೂಡ ಕಳಚದೆ, ಕೈಯನ್ನು ಕೋಟಿನ ಜೇಬಿಗೆ ಇಳಿಸಿದರು.