ನಾಲ್ಕು ಮೊಳದ ಬಾಲ

ಪ್ಯಾಂಟಾಗಲಿ ಲಂಗವಾಗಲಿ, ಹಿಂದೆ ಬಾಲಕ್ಕೊಂದು ಕಿಂಡಿ ಬಿಟ್ಟೇ ಹೊಲಿಯುತ್ತೇನೆ. ಸುಳ್ಳು ಹೇಳಿದರೆ ಬಾಲ ಬೆಳೆಯುತ್ತದೆ, ಸುಳ್ಳು ಹೇಳದವರು ಯಾರಿದ್ದಾರೆ? ನನಗೂ ಗೇಣುದ್ದದ್ದು ಇದೆ.

ಆದರೆ ನಮ್ಮ ಟಿವಿಯ ನಗೆನಾಟಕದಲ್ಲಿ ಮಂತ್ರಿ ಅಡಿವೆಪ್ಪನವರ ಪಾತ್ರ ಮಾಡುವ ಮಾರುತಿಗೆ ಬಾಲವೇ ಬರುವುದಿಲ್ಲ. ಮಂತ್ರಿಗಳು ಚುನಾವಣಾ ಚರ್ಚೆಯಲ್ಲಿ ಆಡಿದ ಮಾತನ್ನೇ ಅವನೂ ಆಡುತ್ತಾನೆ, ಆದರೂ ಇಲ್ಲ. ಅದಕ್ಕೇ ಗೋಣಿನಾರಿನಲ್ಲಿ ನಾಲ್ಕು ಮೊಳದ ಬಾಲ ಹೊಲಿದುಕೊಟ್ಟೆ.

ನಿನ್ನೆ ಮಾರುತಿಗೆ ಆ ಬಾಲ ಕಟ್ಟುತ್ತಿದ್ದಾಗ ಮೇಕಪ್ ಕೋಣೆಗೆ ಖುದ್ದು ಮಂತ್ರಿಗಳೇ ನುಗ್ಗಿದರು. ಹಿಂದೆ, ಅವರ ಬಾಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು, ಸರ್ಕಾರಿ ಬಾಲಬಡುಕ ಫಕೀರಪ್ಪ.

“ನೀಲವ್ವ, ನನ್ನ ಮುಂದ ಬಾಲ ಬಿಚ್ಚಬ್ಯಾಡ! ನಂದು ನಾಕ ಮೊಳ ಐತೇನ? ಎರಡ ಮೊಳ ಐತಿ! ನಿಮ್ಮ ನಾಟಕಾನ ಬಂದ್ ಮಾಡಸ್ತೀನಿ!”

ಅಂದದ್ದೇ ತಡ, ಬಾಲ ಇನ್ನೊಂದು ಗೇಣು ಬೆಳೆಯಿತು. ನಾನು ಮೊಳ ಹಾಕಿ ನೋಡಿದೆ.

“ಈಗ ಬರೋಬ್ಬರಿ ನಾಕ ಆತ ನೋಡ್ರಿ.”

ಮಂತ್ರಿಗಳು ಕುರ್ಚಿಯಲ್ಲಿ ಕುಸಿದು ಮಾರುತಿಯ ಕಡೆ ತಿರುಗಿದರು. “ಅಲ್ಲೋ, ನಾ ಹೇಳಿದ್ದನ್ನ ನೀ ಹೇಳ್ತಿ. ನಿನಗ್ಯಾಕ ಬಾಲ ಬರಂಗಿಲ್ಲ?”

“ನನ್ನ ಮಾತ ಯಾರೂ ನಂಬಂಗಿಲ್ರಿ, ಸಾಹೇಬ್ರ. ಅದಕ್ಕ.”

“ನನ್ನ ಮಾತರ ಯಾರ್ ನಂಬ್ತಾರೋ ತಮ್ಮಾ!”

ಅಂದರೋ ಇಲ್ಲವೋ, ಬಾಲ ಸರ್ರನೆ ಒಂದು ಮೊಳ ಒಳಗೆ ಸರಿಯಿತು. ಫಕೀರಪ್ಪ ಉಳಿದ ತುದಿಯನ್ನು ಎದೆಗವಚಿಕೊಂಡು ಅಳತೊಡಗಿದ.

“ಸಾಹೇಬ್ರ, ಹಿಂಗ ಖರೇ ಹೇಳಬ್ಯಾಡ್ರಿ! ನನ್ನ ನೌಕರಿ ಇನ್ನಾ ಪರ್ಮನೆಂಟ್ ಆಗಿಲ್ರಿ!”