ಓಡಾಡುವ ಗಂಟೆ

ಮೂರನೆಯ ಗುಂಡಿಯಲ್ಲೂ ಬೇರು ಮತ್ತು ಕಲ್ಲಿನ ಹೊರತು ಏನೂ ಸಿಗಲಿಲ್ಲ. ಪ್ರವೀಣ ಸಲಿಕೆಯನ್ನು ದೂರಕ್ಕೆಸೆದು ಹೆಂಡತಿಯ ಮುಖ ನೋಡಿದ. ವೈಶಾಲಿ ಲೋಹಶೋಧಕವನ್ನು ಮತ್ತೊಮ್ಮೆ ಗುಂಡಿಯ ಮೇಲೆ ಹಿಡಿದಳು. ಉದ್ದನೆಯ ಕೋಲಿನ ಎರಡೂ ತುದಿಗೆ ಒಂದೊಂದು ಪೆಟ್ಟಿಗೆಯಿದ್ದ ಆ ಉಪಕರಣ ಮೊಳೆ, ನಾಣ್ಯಗಳಿಗೆಲ್ಲ ಸೊಪ್ಪು ಹಾಕುತ್ತಿರಲಿಲ್ಲ. ಆಳದಲ್ಲಿ ಹುದುಗಿದ ದೊಡ್ಡ ಲೋಹಕ್ಕೆ ಮಾತ್ರ ಕೂಗುತ್ತಿತ್ತು. ತುಸು ಹೊತ್ತಿನ ಹಿಂದೆ ಇದೇ ಜಾಗದಲ್ಲಿ ಅದು ಕಿವಿ ಕಿತ್ತುಹೋಗುವಂತೆ ಅರಚಿತ್ತು. ಈಗ ಅದಕ್ಕೆ ಉಸಿರೇ ಇಲ್ಲ.

"ಮತ್ತ ಓಡಿಹೋತೇನು?" ಎಂದ ಪ್ರವೀಣ.

"ಗಂಟಿಗೆ ಕಾಲಿರೂದಿಲ್ರೀ."

"ನಿನ್ನ ಮಷೀನಿಗೆ ತಲೀನೂ ಇರೂದಿಲ್ಲ."

ಹುಡುಕುತ್ತಿದ್ದುದು ಡೋರಿಸರ ಗಂಟೆಯನ್ನು. ಗಂಡಹೆಂಡಿರು ನೆಲೆಸಿದ್ದ ರಾಂಚೊ ಬರ್ನಾರ್ಡೊ ಊರಿನಲ್ಲಿ ನೆರೆಮನೆಯ ಮುದುಕಿ ಈ ಡೋರಿಸ್. ಹತ್ತಿರದ ರಮೋನಾ ಊರಿನ ಗುಡ್ಡದ ಬುಡದಲ್ಲಿ ಡೋರಿಸರ ಅಜ್ಜ ಕಟ್ಟಿದ್ದ ಒಕ್ಕಲುಮನೆಯಲ್ಲಿ ಈಗ ಉಳಿದಿದ್ದುದು ಒಂದು ಚಿಮಣಿ ಮತ್ತು ಅಡಿಪಾಯದ ಕಲ್ಲುಗಳು. ಹೊಲದಲ್ಲಿದ್ದವರನ್ನು ಊಟಕ್ಕೆ ಕರೆಯಲು ಆ ಮನೆಗೊಂದು ಕಬ್ಬಿಣದ ಗಂಟೆಯಿತ್ತು; ಅದು ಬಾರಿಸಿದರೆ ಮಕ್ಕಳು ಕೈ ಶುಚಿಮಾಡಿಕೊಂಡು ಅಮ್ಮನಿಗೆ ತೋರಿಸಿದ ಮೇಲೆಯೇ ಊಟ. ಎರಡನೆಯ ಮಹಾಯುದ್ಧದಲ್ಲಿ ಊರೂರಿನ ಹಳೆ ಕಬ್ಬಿಣವನ್ನು ಸಂಗ್ರಹಿಸತೊಡಗಿದಾಗ ಡೋರಿಸರ ತಂದೆ ಅದನ್ನು ಕೊಡಲು ಮನಸ್ಸಾಗದೆ, ಓಕ್ ಮರದ ಹತ್ತಿರ ಆಳವಾಗಿ ಹೂತಿಟ್ಟರು. ಸರಿಯಾದ ಜಾಗ ತೋರಿಸುವ ಮೊದಲೇ ತೀರಿಕೊಂಡರು. ನಾಳೆ ಈ ಜಮೀನು ಹೊಸಬರ ಕೈಗೆ ಹೋಗುವುದಿತ್ತು, ನಾಡಿದ್ದು ಬುಲ್ಡೋಜರು. "ಒಮ್ಮೆ ಅದರ ಸದ್ದು ಕೇಳಿಬಿಟ್ಟರೆ ಸಾಕು," ಎಂದಷ್ಟೇ ಡೋರಿಸ್ ಹೇಳಿದ್ದರು.

ವೈಶಾಲಿ ಭೌತಶಾಸ್ತ್ರ ಓದಿದವಳು. ಹುಡುಕಾಟಕ್ಕೆ ಮೊದಲು ಗಂಡನ ಬೆಲ್ಟು, ಬೀಗದ ಕೈ, ಸೆಲ್‌ಫೋನುಗಳನ್ನು ದೂರದ ಕಾರಿಗೆ ಕಳಿಸಿದ್ದಳು. ಧಾರವಾಡದಿಂದ ಬಂದಿದ್ದ ಅತ್ತೆ ಶಂಕ್ರವ್ವನ ಕಾಲುಂಗುರಗಳಿಗೆ ಮಾತ್ರ, ತೀರ ಚಿಕ್ಕವೆಂಬ ಕಾರಣಕ್ಕೆ, ವಿನಾಯಿತಿ ಕೊಟ್ಟಿದ್ದಳು. ಶಂಕ್ರವ್ವ ನೆರಳಿನಲ್ಲಿ ಚಾಪೆ ಹಾಸಿ, ಇರುವೆ ಹತ್ತದಂತೆ ಬುತ್ತಿಯ ಚೀಲಕ್ಕೆ ದುಪ್ಪಟಿ ಹೊದಿಸಿ, ಡೋರಿಸರ ಪಕ್ಕದಲ್ಲಿ ಕುಳಿತಿದ್ದರು.

ಉಪಕರಣ ಮತ್ತೆ ಕೂಗಿತು. ಚಾಪೆಯಿಂದ ಎರಡು ಮಾರು ದೂರ; ಹಿಂದೆಂದಿಗಿಂತಲೂ ಜೋರು! ಪ್ರವೀಣ ಹುಮ್ಮಸ್ಸಿನಿಂದ ಅಗೆಯತೊಡಗಿದ. ಧೂಳೆದ್ದಿತು. "ಅನ್ನದಾಗ ಮಣ್ಣ ಬೀಳ್ತೈತೊ ಯಪ್ಪಾ," ಎನ್ನುತ್ತ ಶಂಕ್ರವ್ವ ಚಾಪೆ, ಚೀಲಗಳನ್ನೆತ್ತಿಕೊಂಡು ಆಚೆ ಸರಿದರು. ಗುಂಡಿ ಮೊಣಕಾಲುದ್ದವಾಯಿತು. ವೈಶಾಲಿ ಪರೀಕ್ಷಿಸಿದಳು. ಮೌನ.

"ನಾ ಹೇಳ್ಲಿಲ್ಲ?" ಎಂದರು ಶಂಕ್ರವ್ವ. "ನೆಲದಾಗಿನ ವಸ್ತು ಅಂದ್ರ ಹಂಗ. ಮನಸಿಲ್ಲಂದ್ರ ಜಾಗಾ ಬಿಟ್ಟು ಸರೀತೈತಿ."

ಪ್ರವೀಣ ಅದನ್ನು ಇಂಗ್ಲಿಷಿನಲ್ಲಿ ವಿವರಿಸಿದ. ಡೋರಿಸ್ ಗಂಭೀರವಾಗಿ ತಲೆಯಾಡಿಸಿದರು. "ಇರಬಹುದು. ನಮ್ಮಪ್ಪನೂ ಒಂದು ಕಡೆ ನಿಲ್ಲುತ್ತಿರಲಿಲ್ಲ."

ಬೆವರಿಳಿಯುತ್ತಿದ್ದ ಮಗನನ್ನು ನೋಡಿ ಶಂಕ್ರವ್ವ ಎದ್ದರು. "ಮದ್ಲ ಉಣ್ರಿ. ಗಂಟಿ ಎಲ್ಲೂ ಹೋಗೂದಿಲ್ಲ," ಎಂದು, ಒಂದು ನಿಮಿಷದ ಹಿಂದಿನ ತಮ್ಮ ಸಿದ್ಧಾಂತವನ್ನೇ ಮರೆತು, ಚೀಲವನ್ನೆತ್ತಿಕೊಂಡು ಸೊಸೆಯತ್ತ ಬಂದರು. ವೈಶಾಲಿಯ ಕೈಯಲ್ಲಿದ್ದ ಉಪಕರಣ ಮೆಲ್ಲನೆ ಗುನುಗಿತು. ಇನ್ನೊಂದು ಹೆಜ್ಜೆಗೆ ಕೂಗಿತು. ಶಂಕ್ರವ್ವ ಎದುರಿಗೆ ಬಂದು ನಿಂತಾಗ ಬೊಬ್ಬೆ ಹೊಡೆಯಿತು.

ವೈಶಾಲಿ ಕಣ್ಣರಳಿಸಿದಳು. "ಅತ್ತಿ, ಸ್ವಲ್ಪ ಹಿಂದಕ್ಕ ಹೋಗ್ರಿ."

ಶಂಕ್ರವ್ವ ಹಿಂದೆ ಸರಿದರು. ಮೌನ. ಮುಂದೆ ಬಂದರು. ಬೊಬ್ಬೆ.

"ಚೀಲದಾಗ ಏನೈತ್ರಿ?"

"ಏನಿರ್ತೈತಿ? ಬುತ್ತಿ!"

ದುಪ್ಪಟಿ ತೆಗೆದರೆ ಒಳಗೆ ಸ್ಟೀಲ್ ಡಬ್ಬಿಗಳ ಗೋಪುರ. ರೊಟ್ಟಿಗೊಂದು, ಎಣ್ಣೆಗಾಯಿಗೊಂದು, ಶೇಂಗಾ ಚಟ್ನಿಗೊಂದು, ಮಾದಲಿಗೊಂದು. ತಳದಲ್ಲಿ ಮದುವೆಮನೆಗೆ ಸಾಲುವಂಥ ಪಾತೇಲಿ ತುಂಬ ಮೊಸರನ್ನ. ವೈಶಾಲಿ ಎಲ್ಲ ಲೋಹಗಳನ್ನೂ ದೂರವಿಟ್ಟಿದ್ದಳು. ಊಟವನ್ನು ಮಾತ್ರ ಆಕೆ ಲೋಹವೆಂದು ಎಣಿಸಿರಲಿಲ್ಲ.

"ನಾಲ್ಕು ಮಂದಿಗೆ ಇಷ್ಟ್ಯಾಕಬೇ?" ಪ್ರವೀಣ ಗುಂಡಿಯೊಳಗೇ ಕುಸಿದು ಕುಳಿತ.

"ದಾರ್ಯಾಗ ಯಾರರೇ ಹಸದವರು ಸಿಕ್ರ?"

"ಫ್ರೀವೇದಾಗ ಯಾರ್ ಸಿಗ್ತಾರಬೇ!"

ಅರ್ಥವಾಗದಿದ್ದರೂ ಮೊದಲು ನಕ್ಕವರು ಡೋರಿಸ್. ಆಮೇಲೆ ಯಾರಿಗೂ ನಗು ತಡೆಯಲಾಗಲಿಲ್ಲ. ವೈಶಾಲಿ ನಗುತ್ತ ಉಪಕರಣವನ್ನು ಕೆಳಗಿಳಿಸಿಬಿಟ್ಟಳು. ಕಣ್ಣೊರೆಸಿಕೊಳ್ಳುತ್ತಲೇ ಚೀಲವನ್ನು ಕಾರಿಗೆ ಸಾಗಿಸಿ ಬಂದಳು.

ಆ ಬಳಿಕ ಓಕ್ ಮರದ ಈಚೆ ಎಲ್ಲೂ ಸದ್ದಿಲ್ಲ. ಉಪಕರಣ ಈ ಕಡೆಗೇ ಕರೆಯುತ್ತಿದ್ದುದರಿಂದ ಆಚೆಯ ಇಳಿಜಾರನ್ನು ಅವರು ಅಲ್ಲಿಯವರೆಗೆ ಮುಟ್ಟಿಯೇ ಇರಲಿಲ್ಲ. ಅಲ್ಲಿ ತಗ್ಗಿದ, ಸ್ಥಿರವಾದ ಒಂದು ಸ್ವರ ಕೇಳಿಸಿತು. ಈ ಸಲ ಅದು ಅಲುಗಲಿಲ್ಲ. ಪ್ರವೀಣ ಸೊಂಟದಾಳಕ್ಕೆ ಇಳಿದಾಗ ಸಲಿಕೆಯ ತುದಿ ಖಣ್ಣೆಂದಿತು.

ಗಂಟೆಯ ಬಾಯ್ತುಂಬ ಮಣ್ಣು ಗಟ್ಟಿಯಾಗಿತ್ತು; ನಾಲಗೆ ತುಕ್ಕು ತಿಂದು ಉದುರಿಹೋಗಿತ್ತು. ಡೋರಿಸರ ಮುಖ ಸಣ್ಣದಾಯಿತು. ವೈಶಾಲಿ ಮಣ್ಣನ್ನೆಲ್ಲ ಕೆರೆದು ತೆಗೆದಳು. ಓಕ್ ಕೊಂಬೆಗೆ ಹಗ್ಗದಿಂದ ಗಂಟೆಯನ್ನು ತೂಗುಹಾಕಿ, ಪ್ರವೀಣ ಕಾರಿನ ವೀಲ್ ಸ್ಪಾನರು ತಂದು ಒಂದೇ ಏಟು ಹೊಡೆದ.

ನಾದ ಇಳಿಜಾರಿನುದ್ದಕ್ಕೂ ಉರುಳಿಹೋಯಿತು. ಕಲ್ಲಿನ ಮೇಲೆ ಕುಳಿತಿದ್ದ ಡೋರಿಸ್ ಧಡಕ್ಕನೆ ಎದ್ದರು. ಎರಡೂ ಕೈಗಳನ್ನು ಲಂಗಕ್ಕೆ ತಿಕ್ಕಿ ಒರೆಸಿಕೊಂಡರು. ಸಾಲದೆಂಬಂತೆ ಇನ್ನೊಮ್ಮೆ ಒರೆಸಿಕೊಂಡರು. ಆಮೇಲೆ ಶಂಕ್ರವ್ವನ ಎದುರಿಗೆ ಓಡೋಡಿ ಬಂದು, ಕೈಗಳನ್ನು ಮುಂದೆ ಚಾಚಿ, ಒಮ್ಮೆ ಹೀಗೆ ಒಮ್ಮೆ ಹಾಗೆ ತಿರುವಿ ತೋರಿಸಿ, ಒಪ್ಪಿಗೆಗಾಗಿ ಕಾಯುತ್ತ ನಿಂತರು.