ಶರಣಾದವರ ಬಂದೂಕು

ಮಹಾಯುದ್ಧ ಮುಗಿದಿತ್ತು. ಸೋತ ಜಪಾನೀ ಸೈನಿಕರ ಬಂದೂಕು ಕಿತ್ತುಕೊಳ್ಳಲು ಪೂರ್ವದೇಶದ ಬಂದರೊಂದಕ್ಕೆ ಬಂದಿಳಿದ ಬ್ರಿಟಿಷರ ಇಂಡಿಯಾ ತುಕಡಿಯಲ್ಲಿ ಬೆಳಗಾವಿ ಕಡೆಯ ಹವಾಲ್ದಾರ ಯಮನಪ್ಪನೂ ಇದ್ದ. ಬರ್ಮಾದ ಕಾಡಿನಲ್ಲಿ ಅವನ ಕಣ್ಣೆದುರೇ ತಮ್ಮ ಸತ್ತದ್ದು ಜಪಾನೀಯರ ಗುಂಡಿಗೆ.

ಊರಿನ ಜನ ಹೂ ಎರಚಿ ಅವರನ್ನು ಎದುರುಗೊಂಡರು. ಮೂರು ವರ್ಷ ಜಪಾನೀಯರ ಕೈಯಲ್ಲಿ ನರಳಿದ್ದ ಆ ಜನ, ಅದಕ್ಕೂ ಮೊದಲು ಆಳಿದ್ದ ಬೇರೊಂದು ದೇಶದ ಬಿಳಿ ದೊರೆಗಳೂ ಇನ್ನು ಬೇಡವೆಂದು ತಮ್ಮದೇ ಬಾವುಟ ಏರಿಸಿದ್ದರು. ಮುದಿ ವೈದ್ಯನೊಬ್ಬ ಯಮನಪ್ಪನ ಕೈ ಹಿಡಿದು, ಬಂದರಿನಲ್ಲಿ ಕಲಿತ ಹರಕುಮುರುಕು ಹಿಂದೂಸ್ತಾನಿಯಲ್ಲಿ, "ನಮ್ಮ ಗುಲಾಮಗಿರಿ ಮುಗೀತು. ಮುಂದೆ ನಿಮ್ಮದೂ ಮುಗಿಯುತ್ತೆ" ಎಂದ. ತಮ್ಮ ಸತ್ತದ್ದು ದಂಡವಾಗಲಿಲ್ಲ ಎಂದು ಯಮನಪ್ಪನಿಗೆ ಮೊದಲ ಸಲ ಅನ್ನಿಸಿತು.

ಒಂದೇ ವಾರದಲ್ಲಿ ಎಂಟುನೂರು ಬಂದೂಕು ಉಗ್ರಾಣ ಸೇರಿದವು. ಮರುದಿನ ಬೆಳಿಗ್ಗೆ ಸುಬೇದಾರರು ಬಂದರು. ಅವರೂ ಅವನ ಸೀಮೆಯವರೇ.

"ಯಮನಪ್ಪಾ, ಹಳೇ ದೊರಿಗೋಳು ತಿರುಗಿ ಬರಾಕತ್ಯಾರ. ಈ ಮಂದಿ ಝಂಡಾ ಇಳಸಬೇಕಂತ ಹುಕುಂ ಆಗೇತಿ."

"ಝಂಡಾ ಮುಟ್ಟಿದ್ರ ಊರ ಎದ್ದು ನಿಲ್ತೈತ್ರಿ ಸಾಹೇಬ್ರ. ನಾವು ಬರೇ ಇನ್ನೂರು ಮಂದಿ ಅದೀವಿ."

"ಅದಕ್ಕೂ ಮ್ಯಾಲಿನವರು ವ್ಯವಸ್ಥಾ ಮಾಡ್ಯಾರ."

"ಯಾವ ಪಲ್ಟನ್ ಬರತೈತ್ರಿ?"

ಸುಬೇದಾರರು ಅವನ ಮುಖ ನೋಡದೆ ಉಗ್ರಾಣದ ಬೀಗದಕೈಯನ್ನು ಮುಂದೆ ಚಾಚಿದರು.

"ಜಪಾನಿ ಮಂದಿಗೆ ಅವರವರ ಬಂದೂಕ ಹಂಚಿಬಿಡು. ಮಧ್ಯಾಹ್ನದಿಂದ ಅವರು ನಮ್ಮ ಸಂಗಾಟ ನಿಲ್ತಾರ."